ಕೆಳಗಿನ ಪಟ್ಟಿಗೆ ಸೊನ್ನೆ

...ಒಂದ್ ನಿಮಿಷ ಆ ಗ್ರೈಂಡರ್ ಆಫ್ ಮಾಡು ದಾಸಣ್ಣ! ಅದು ಕೂಗೋದು, ನಾನು ಕೂಗೋದು... ಹಾಂ, ಈಗ ಸರಿ. ಏನ್ ಹೇಳ್ತಿದ್ದೆ? ಸೋಮವಾರ ನನ್ನ ವೈವಾ. ನೀನು ಬೆಸೆದು ಕೊಟ್ಟಿದ್ದ ಎಣ್ಣೆ ಡ್ರಮ್ ಸ್ಟ್ಯಾಂಡ್ ಮುರೀತಲ್ಲ, ಅದು ಅಷ್ಟರೊಳಗೆ ನೆಟ್ಟಗೆ ನಿಲ್ಲಬೇಕು. ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್ ಅಣ್ಣ, ಹುಡುಗಾಟ ಅಲ್ಲ. ಚಳ್ಳಕೆರೇಲಿ ನಿನ್ನಂಥ ವೆಲ್ಡರ್ ಇನ್ನೊಬ್ಬ ಇಲ್ಲ ಅಂತಾನೇ... ಮುಖ ಯಾಕೆ ತಿರುಗಿಸ್ತೀಯಾ? ನಿಜಾನೇ ಹೇಳ್ತಿದೀನಿ!

ಗೊತ್ತು, ಸಿಟ್ಟೈತೆ ನಿಂಗೆ. ಜಯಣ್ಣ ತನ್ನ ಎಣ್ಣೆ ಮಿಲ್ಲಿನ ಕೆಲಸ ಪೂರಾ ನಿನ್ ಕೈಯಿಂದ ಕಿತ್ತು ಬಳ್ಳಾರಿಯೋನಿಗೆ ಕೊಟ್ಟ. ಹದಿನೈದು ವರ್ಷದ ಗಿರಾಕಿ! 'ದಾಸಣ್ಣನ ವೆಲ್ಡಿಂಗ್ ಬಿಟ್ಕಂತು' ಅಂತ ಯಾರೋ ಕಿವಿಗೆ ಊದಿದಾರೆ. ಯಾರೋ... ಬಿಡು ಅದನ್ನ.

ಸ್ಟ್ಯಾಂಡ್ ಗಟ್ಟಿ ಐತೆ ಅಂತ ಕಂಪ್ಯೂಟರ್ ಅಂದ್ಮೇಲೂ ಅದು ಹೆಂಗೆ ಬಿತ್ತು ಅಂತ ಕಣ್ಣಲ್ಲೇ ಕೇಳ್ತಿದೀಯಲ್ಲ? ಕೊಡು ಆ ಸೀಮೆಸುಣ್ಣ, ಈ ತಗಡಿನ ಮೇಲೆ ಬರೆದು ತೋರಿಸ್ತೀನಿ. ಫೈನೈಟ್ ಎಲಿಮೆಂಟ್ ಅಂತಾರೆ ಇದಕ್ಕೆ. ಬೆಚ್ಚಬೇಡ, ಹೆಸರಷ್ಟೇ ದೊಡ್ಡದು! ಕೊಂಡ್ಲಹಳ್ಳೀಲಿ ನಮ್ಮಪ್ಪ ಕುರಿ ಎಣಿಸೋದು ನೋಡಿದೀಯಲ್ಲ? ಇಡೀ ಮಂದೆ ಒಟ್ಟಿಗೆ ನೋಡಿದ್ರೆ ಲೆಕ್ಕ ಸಿಗಲ್ಲ. ಹಟ್ಟಿ ಬಾಗಿಲಲ್ಲಿ ಐದೈದೇ ಬಿಡ್ತಾನೆ. ಹಂಗೇನೇ ಇದೂ! ಇಡೀ ಸ್ಟ್ಯಾಂಡ್ ಭಾರಕ್ಕೆ ಎಷ್ಟು ಬಗ್ಗುತ್ತೆ ಅಂದ್ರೆ ದೇವರಾಣೆ ಹೇಳಕ್ಕಾಗಲ್ಲ. ತುಂಡು ತುಂಡು ಮಾಡ್ಕಂಡ್ರೆ ಒಂದೊಂದು ತುಂಡಿನ ಲೆಕ್ಕ ಸುಲಭ. ತುಂಡೇ ಎಲಿಮೆಂಟು. ತುಂಡುಗಳು ಸೇರೋ ಜಾಗ ನೋಡು. ನೋಡು ಅಂದ್ರೆ ಕಣ್ಣಲ್ಲಿ ನೋಡದಲ್ಲ ಮಾರಾಯ, ಇಂಗ್ಲಿಷಲ್ಲಿ ಆ ಜಾಗದ ಹೆಸರೇ 'ನೋಡ್'! ಅದು ಜರುಗಿದ್ರೆ ಅದಕ್ಕೆ ಅಂಟಿರೋ ತುಂಡೆಲ್ಲ ಜರುಗಬೇಕು. ಎಲ್ಲಾ ಸೇರಿಸಿ ಒಂದು ದೊಡ್ಡ ಲೆಕ್ಕ... ಆಕಳಿಸ್ತೀಯಾ? ಆಕಳಿಸು, ನಾನೂ ಕ್ಲಾಸಲ್ಲಿ ಆಕಳಿಸಿದೋನೇ.

ಇಗೋ, ಹೊರಕ್ಕೆ ವಾಲಿರೋ ನಾಲ್ಕು ಕಾಲು. ಮೇಲೆ ಶೇಂಗಾ ಎಣ್ಣೆ ಡ್ರಮ್ಮು. ಅವತ್ತು ಕಂಪ್ಯೂಟರಲ್ಲಿ ಬಟನ್ ಒತ್ತಿದೆ ನೋಡು, ಪರದೆ ತುಂಬಾ ನೀಲಿ! ನೀಲಿ ಅಂದ್ರೆ ನಿರಾಳ, ಕೆಂಪು ಅಂದ್ರೆ ಕಷ್ಟ. ಹುಡುಕಿದ್ರೂ ಕೆಂಪಿಲ್ಲ.

ಜಯಣ್ಣನ ಮಿಲ್ಲಲ್ಲಿ ಸ್ಟ್ಯಾಂಡ್ ಮೇಲೆ ಡ್ರಮ್ ಇಟ್ವಿ. ಈಗ ಹುಟ್ಟಿದ ಕುರಿಮರಿ ನಿಲ್ಲಕ್ಕೆ ಹೋಗಿ ಕಾಲು ಚಾಚ್ತದಲ್ಲ... ಹಂಗೇ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ! ಒಂದಂತೂ ಕಿತ್ಕಂಡೇ ಬಂತು. ಎಣ್ಣೆ ಹರೀತು, ಬಿಳಿ ಪಂಚೆ ಜಯಣ್ಣ ಅದರ ಮೇಲೆ ಕೂತ್ಕಂಡೇ ಬಾಗಿಲ ತನಕ ಜಾರಿದ. ಹ್ಹ ಹ್ಹ! ಪುಣ್ಯಕ್ಕೆ ಪೆಟ್ಟಾಗಲಿಲ್ಲ... ನಗಲ್ವಾ ನೀನು?

ಆ ಮುರಿದ ಕಾಲು ಯಾಕೆ ಎತ್ಕಂಡೆ? ಕಂಡೆ, ಕಂಡೆ... ಬೆಸುಗೆ ಹಂಗೇ ಐತೆ. ಅದರ ಪಕ್ಕದ ಕಬ್ಬಿಣ ಹರಿದೈತೆ. ಸೀಮೆಸುಣ್ಣ ಬೇಕಾ? ತಗೋ. ಏನದು... ಈ ಕಾಲಿಂದ ಆ ಕಾಲಿಗೆ ಗೀಟು?

ಹೂಂ. 'ಕೆಳಗೆ ಸುತ್ತ ಒಂದು ಕಬ್ಬಿಣದ ಪಟ್ಟಿ ಕೊಡ್ತೀನಿ ಕಣೋ ಪಾಲಾಕ್ಷ' ಅಂದಿದ್ದೆ ನೀನು. ನಾನೇ ಬೇಡ ಅಂದೆ. ಕಂಪ್ಯೂಟರಲ್ಲಿ ಆ ಪಟ್ಟಿ ಮೇಲೆ ಬೀಳೋ ಬಲ ಸೊನ್ನೆ ಬಂತಣ್ಣ! ಸೊನ್ನೆ ಬರದೆ ಇನ್ನೇನು? ನಾಲ್ಕೂ ಕಾಲು ನೆಲಕ್ಕೆ ಕಚ್ಕಂಡಿದಾವೆ, ಕೂದಲೆಳೆಯಷ್ಟೂ ಜರುಗಲ್ಲ ಅಂತ ನಾನೇ ಕಂಪ್ಯೂಟರಿಗೆ ಬರೆದು ಕೊಟ್ಟಿದ್ದೆ. ಜಾರದಿರೋ ಕಾಲನ್ನ ಹಿಡಿಯಕ್ಕೆ ಪಟ್ಟಿ ಯಾಕೆ? ಆದ್ರೆ ಜಯಣ್ಣನ ಮಿಲ್ಲಿನ ನೆಲ... ಇರುವೆ ನಡೆದ್ರೂ ಜಾರ್ತದೆ.

ಬೈಯಿ! ಹಂಗೆ ನೋಡ್ಬೇಡ ದಾಸಣ್ಣ...

ಹೌದು, ನಾನೇ! ಜಯಣ್ಣ ಎಣ್ಣೇಲಿ ಕೂತು 'ಯಾರದಲೇ ತಪ್ಪು' ಅಂತ ಕೂಗಿದ. ನನ್ನ ಪ್ರಾಜೆಕ್ಟಿನ ಗೈಡ್ ಮೇಡಂ ಪಕ್ಕದಲ್ಲೇ ನಿಂತಿದ್ರು. ಹೆದರಿಕೆ ಆಯ್ತು. 'ವೆಲ್ಡಿಂಗ್ ಬಿಟ್ಕಂತು' ಅಂದ್ಬಿಟ್ಟೆ. ತಪ್ಪಾಯ್ತಣ್ಣ... ನಿಂಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ ಇಷ್ಟೊತ್ತು ನನ್ನ ಪಾಠ ಕೇಳ್ಕಂಡು ಕೂತಿದ್ಯಾ!

ಯಾಕೆ ಶೆಟರ್ ಎಳೀತೀಯಾ? ಮಿಲ್ಲಿಗಾ? ಈಗಲೇ? ಈ ತಗಡು ಯಾಕೆ ನನ್ನ ತಲೆ ಮೇಲೆ... ಓ! ಜಯಣ್ಣಂಗೂ ಇದೇ ಪಾಠ ಮಾಡ್ಬೇಕಾ? ಮೊದಲಿಂದ ಕೊನೇತನಕ?

...ಆಯ್ತು. ಗೀಟು ಅಳಿಸದಂಗೆ ಹಿಡ್ಕಂತೀನಿ. ನಡಿ.