ಕಾರು ಕುಡಿದ ನೀರು

ಇಲ್ಲಬೇ, ನೀರು ಕೆಳಗ ಬೀಳತಿದ್ದಿಲ್ಲ, ಅದ ನೋಡ್ರಿ ತಂಟೆ. ಕೆಳಗ ಬಿದ್ದಿದ್ರ ಇಲ್ಲೆ ಸೋರತೈತಿ ಅಂತ ಬಟ್ಟು ಇಟ್ಟು ತೋರಸತಿದ್ವಿ, ಜಗಳಾನ ಇರತಿದ್ದಿಲ್ಲ. ಮುಂಜಾನೆ ಕಾರಿನ ರೇಡಿಯೇಟರ್ ಬಾಯಿಮಟಾ ನೀರು ತುಂಬಿಕೊಂಡ ಹೋಗೂದು, ಹುಬ್ಬಳ್ಳಿಗೆ ಹೋಗಿ ಬರೂದ್ರಾಗ ಅರ್ಧಾ ಇಲ್ಲ. ಕಾರು ನಿಂತಲ್ಲೆ ನೆಲಾ ಮುಟ್ಟಿ ನೋಡಿದ್ರ ಒಣಾ ಒಣಾ. ಹೊರಗ ಧೋ ಅಂತ ಮಳಿ, ಚಪ್ಪರದಾಗ ಕಾರಿನ ಬುಡಕ ಒಂದು ಹನಿ ಇಲ್ಲ. ಮತ್ತ ಆ ನೀರು ಹೋತರ ಎಲ್ಲಿಗೆ?

ನಾವು ಮುಂಡಗೋಡದ ಹತ್ರ ಚಿಗಳ್ಳಿ ಊರಾಗ ಇದ್ದಾಗಿನ ಮಾತಿದು. ನಿಮ್ಮಪ್ಪ ಇನ್ನೂ ತೊಟ್ಟಲದಾಗ... ಅಲ್ಲ, ತಡೀರಿ, ತೊಟ್ಟಲಾ ಬಿಟ್ಟಿದ್ದ, ಅಂಬೆಗಾಲ ಹಾಕಿ ಸಿಕ್ಕಿದ್ದೆಲ್ಲಾ ಬಾಯಾಗ ಇಟ್ಟಕೊಳ್ಳತಿದ್ದ. ನಿಮ್ಮ ಅಜ್ಜಾರು ಮೊದ್ಲ ದಾಂಡೇಲ್ಯಾಗ ಕಟಿಗಿ ಲಾರಿ ಹೊಡೀತಿದ್ರು. ಆಮ್ಯಾಲ ಯಾರೋ ಸಾಹೇಬ್ರು ಊರ ಬಿಟ್ಟು ಹೋಗುವಾಗ ಮಾರಿದ ಹಳೇ ಕರೇ ಕಾರ ತಗೊಂಡು, ಮುಂಡಗೋಡದಿಂದ ಹುಬ್ಬಳ್ಳಿಗೆ ಬಾಡಿಗಿ ಹೊಡ್ಯಾಕ ನಿಂತ್ರು. ಬಸ್ಸು ಇದ್ವು, ಇಲ್ಲಂತಲ್ಲ, ಆದ್ರ ಎಷ್ಟು? ಆಗ ಟಿಬೆಟ್ ಮಂದಿ ಹೊಸದಾಗಿ ಬಂದು ಗೋವಿನಜೋಳ ಹಾಕಾಕ ಹತ್ತಿದ್ರು, ಪಾಪ, ನಮ್ಮ ಹವಾ ಅವ್ರಿಗೆ ಒಗ್ಗವಲ್ದು, ಜಡ್ಡು ಬಿದ್ದಾವ್ರನ್ನ ದವಾಖಾನಿಗೆ ಒಯ್ಯೂದು ನಮ್ಮ ಕಾರ. ಹಂಗಾಗಿ ನಡದಿತ್ತು ಜೀವನಾ. ಆ ಮಳಿಗಾಲದಾಗ ನೋಡ್ರಿ, ರಾಡ್ಯಾಗ ಗಾಲಿ ಬದಲಸೂ ಮುಂದ ಜ್ಯಾಕ್ ಸರದು ಕಾರು ನಿಮ್ಮ ಅಜ್ಜಾರ ಬಲಗಾಲ ಮ್ಯಾಲ ಕುಂತಬಿಟ್ತು. ಹುಬ್ಬಳ್ಳ್ಯಾಗ ತೊಡಿಮಟಾ ಪ್ಲಾಸ್ಟರ್ ಹಾಕಿ, "ಮೂರು ತಿಂಗಳಾ ಏಳಬ್ಯಾಡ, ನೀರ ತಾಗಸಬ್ಯಾಡ" ಅಂದು ಕಳಸಿದ್ರು.

ಮೂರು ತಿಂಗಳಾ! ದಿನಾ ಹೊರಗ ಹೋಗಿ ಬರೂ ಗಂಡಸನ್ನ ಒಂದ ಹೊರಸಿನ ಮ್ಯಾಲ ಕಟ್ಟಿ ಹಾಕಿಧಂಗ ಆತು. ಪಡಸಾಲ್ಯಾಗ ಖಿಡಕಿ ಬಾಜು ಹೊರಸು ಹಾಕಿದ್ದೆ. ಆ ಖಿಡಕ್ಯಾಗಿಂದ ಕಾಣೂದು ಏನು, ಚಪ್ಪರದಾಗಿನ ಕಾರಿನ ಮೂಗು, ಅಷ್ಟ. ದಿನಾ ಪೂರ್ತಿ ಅದನ್ನ ನೋಡಕೋತ ಮಲಗೂದು. ಪ್ಲಾಸ್ಟರಿನ ಒಳಗ ತುರಿಕಿ, ತುರಸಾಕ ಬರಂಗಿಲ್ಲ, ಮಳೀಗೆ ಮನಿಯೆಲ್ಲಾ ಹಸೀ ವಾಸನಿ. ಹೊರಗ ಯಾರರ ಹೋದ್ರ, "ಯಾರ ಅದು? ಏನಂದ್ರು?" ನಾ ಬಾವಿಗೆ ಹೋಗಿ ಬಂದ್ರ, "ಇಷ್ಟ ಹೊತ್ತ ಯಾಕ?" ಖರೇ ಹೇಳತೇನಿ, ನಾ ಬೇಕಂತನ ತಡಾ ಮಾಡತಿದ್ದೆ. ತೊಳದ ಕೊಡಾನ ಮತ್ತ ತೊಳೀತಿದ್ದೆ. ಆ ಮನ್ಯಾಗ ಉಸರ ಕಟ್ಟತಿತ್ತು ನನಗ. ಹಳಿಯಾಳದಾಗ ನಮ್ಮಪ್ಪ ಇದ್ದ, "ನಾಕು ದಿನಾ ಬಂದ ಹೋಗು" ಅಂತ ಹೇಳಿ ಕಳಸಿದ್ದ, ಹೆಂಗ ಹೋಗ್ಲಿ? ಇವ್ರನ್ನ ಬಿಟ್ಟು ಹೊಸ್ತಲಾ ದಾಟೂ ಹಂಗ ಇದ್ದಿಲ್ಲ.

ಕಾರು ಹೊಡ್ಯಾಕ ಪರಸಣ್ಣ ಬರತಿದ್ದ. ದಾಂಡೇಲ್ಯಾಗ ಇವ್ರ ಲಾರಿ ಮ್ಯಾಲನ ಕ್ಲೀನರ್ ಇದ್ದು ಕೆಲಸಾ ಕಲತಾಂವ, ನಮ್ಮೂರಾಂವನ, ಇವ್ರಿಗೆ ಖಾಸಾ ತಮ್ಮನಕಿಂತ ಹೆಚ್ಚು. ತನ್ನ ಕೆಲಸಾ ಬಿಟ್ಟು ಬಂದಿದ್ದ ಅಂವ, "ಅಣ್ಣಾ ಏಳೂತನಕ ನಾ ಹೊಡೀತೇನಿ" ಅಂದು. ಒಂದ ದಿನಾ ಮಧ್ಯಾಹ್ನ ಬಂದು ತಲಿ ಬಾಗಲದಾಗ ನಿಂತ, ಮೈಯೆಲ್ಲಾ ತೊಯ್ದಿತ್ತು. "ಅಣ್ಣಾ, ಕಾರು ನೀರು ಕುಡ್ಯಾಕತ್ತೈತಿ. ಹುಬ್ಬಳ್ಳಿ ದಾರ್ಯಾಗ ತಡಸದ ಹತ್ರ ಕಾದು ಉಗಿ ಎದ್ತು, ಎರಡು ಸರತೆ ನಿಲ್ಲಿಸಿ ಹಳ್ಳದ ನೀರು ಹಾಕಿದೆ." ಇವ್ರು ಮಲಕೊಂಡಲ್ಲೆ ನಕ್ರು, ಚಲೋ ನಗಿ ಅಲ್ಲ. "ಕುಡೀತೈತಿ? ಅದೇನ ಎಮ್ಮ್ಯೇನೋ? ಸೋರಿದ್ರ ಕೆಳಗ ಬೀಳಬೇಕ ಹೌದಿಲ್ಲೋ? ಎಲ್ಲೆ ಬಿದ್ದೈತಿ ತೋರಸು." ಅಂವ ಏನ ತೋರಸಬೇಕು, ಕೆಳಗ ಒಣಾ ಐತಿ. ಮರದಿನಾ ಹಂಗ, ಅದರ ಮರದಿನಾನೂ ಹಂಗ. ನಾಕನೇ ದಿನಾ ಇವ್ರ ಬಾಯಿ ಜಾರ್ತು. "ನಾ ಬಿದ್ದೇನಿ ಅಂತ ಇಂಜಿನ್ ಕೊಲ್ಲಾಕತ್ತೀಯೇನ? ನಾಳೆ ಇದು ಗುಜರೀಗೆ ಬಂತಂದ್ರ ಸಸ್ತಾದಾಗ ನೀನ ಎಳಕೊಂಡ ಹೋಗಾವಾ?"

ನಾ ಒಲಿ ಮುಂದ ಇದ್ದೆ. ರೊಟ್ಟಿ ಹೊತ್ತಿ ಹೋತು, ನನಗ ಖಬರಿಲ್ಲ. ಪರಸಣ್ಣ ಸೀದಾ ನನ್ನ ಹತ್ರ ಬಂದು, "ವೈನಿ, ಚಾವಿ ತಗೋರಿ" ಅಂದು ಕೈಯಾಗ ಕೊಟ್ಟು, ಮಳ್ಯಾಗ ಹೋಗಿಬಿಟ್ಟ. ತನ್ನ ಛತ್ರೀನೂ ತಗೊಳ್ಳಲಿಲ್ಲ.

ಮುಗೀತು. ಕಾರು ನಿಂತ್ತು, ಬಾಡಿಗಿ ನಿಂತ್ತು. ಎಂಟು ದಿನಾ, ಎಂಟೋ ಒಂಬತ್ತೋ, ಆ ಮನ್ಯಾಗ ಮಾತಂಬೂದ ಇಲ್ಲ. ಅವ್ರು ಖಿಡಕಿ ಕಡೆ ಮಾರಿ, ನಾ ಒಲಿ ಕಡೆ ಮಾರಿ. ಹಿಟ್ಟಿನ ಡಬ್ಬಿ ತಳಾ ಕಾಣಾಕ ಹತ್ತಿತ್ತು. ಪರಸಣ್ಣ ಸುಳ್ಳ ಹೇಳಾಂವಲ್ಲ ಅಂತ ನನ್ನ ಮನಸಿಗೆ ಗೊತ್ತಿತ್ತು, ಆದ್ರ ಹೇಳಾಕ ಧೈರ್ಯ ಇಲ್ಲ. ಕಡೀಕ ಒಂದ ದಿನಾ ಮುಂಜಾನೆ ಅಂದಬಿಟ್ಟೆ, "ರೀ, ನೀವು ಇಲ್ಲಿಂದ ಹೇಳ್ರಿ. ನಾ ಹೋಗಿ ನೋಡತೇನಿ." "ನಿನಗೇನ ತಿಳೀತೈತಿ?" ಅಂದ್ರು. "ತಿಳ್ಯಾಂಗಿಲ್ಲ, ಅದಕ್ಕ ನೀವು ಹೇಳ್ರಿ."

ನಿಮ್ಮಪ್ಪಗ ನಡಕ್ಕ ಹಳೇ ಸೀರಿ ಸುತ್ತಿ ಕಂಬಕ್ಕ ಕಟ್ಟಿದೆ. ನಗಬ್ಯಾಡ್ರಿ, ಮತ್ತೇನ ಮಾಡಬೇಕಿತ್ತು, ಇಂಜಿನ್ ಹತ್ರ ಬಂದ್ರ ಸುಟ್ಟಕೊಂಡಾನು. ಬಾನೆಟ್ ಎತ್ತಿದೆ. ಹೊರಸಿನ ಮ್ಯಾಲಿಂದ ಇವ್ರು ಒದರತಿದ್ರು, ಮಳಿ ಸಪ್ಪಳಾ ಬ್ಯಾರೆ, ನಾ ತಿರುಗಿ ಒದರೂದು. "ಆ ಉದ್ದನ ಕಡ್ಡಿ ಎಳಿ, ಎಣ್ಣಿ ಮಜ್ಜಿಗಿ ಹಂಗ ಬೆಳ್ಳಗ ಆಗೇತೇನ?" ಎಳದು ಒಳಗ ಓಡಿ ಬಂದು ತೋರಿಸಿದೆ. "ಇಲ್ಲ, ಕರ್ರಗ ಐತಿ. ಹಂಗಾರ ನೀರು ಎಣ್ಣ್ಯಾಗ ಕೂಡಿಲ್ಲ. ಹೋಗು, ರಬ್ಬರ್ ಪೈಪ್ ಎರಡೂ ಹಿಚಗಿ ನೋಡು." ಹಿಚಗಿದೆ, ಗಟ್ಟಿ ಅದಾವು, ಒಣಾ ಅದಾವು. ರೇಡಿಯೇಟರಿನ ಮೈ ಮ್ಯಾಲ ಕೈ ಆಡಿಸಿದೆ, ಒಣಾ. "ನೋಡಿದ್ಯಾ? ಎಲ್ಲೂ ಇಲ್ಲ. ಅಂವ ನೀರ ಹಾಕತಿದ್ದಿಲ್ಲ, ಅಷ್ಟ ಇದು." ಹಂಗ ಅಂದಾಗ ಅವ್ರ ದನ್ಯಾಗ ಏನೋ ಗೆದ್ಧಂಗ ಇತ್ತು. ತಣ್ಣಗ ನಿಂತ ಕಾರಿನ್ಯಾಗ ಏನ ಕಾಣತೈತಿ? ಕಾದ ಮ್ಯಾಲ ನೋಡಬೇಕಲ್ಲ? ರೇಡಿಯೇಟರಿಗೆ ನೀರ ತುಂಬಿ, ಅಡಿಗಿ ಮನೀಗೆ ಹೋಗಿ ರಂಗೋಲಿ ಡಬ್ಬಿ ತಂದೆ. ಕೈ ಹೋದಲ್ಲೆಲ್ಲಾ, ಪೈಪಿನ ಮ್ಯಾಲ, ಇಂಜಿನ್ ಮ್ಯಾಲ, ಹಿಂದ, ಬಾಜು, ಬೆಳ್ಳಗ ಉದುರಿಸಿಬಿಟ್ಟೆ. ನೀರ ತಾಗಿದಲ್ಲೆ ಪುಡಿ ತೊಯ್ತೈತಿ, ಅಷ್ಟ ಬುದ್ಧಿ ನನಗೂ ಇತ್ತು.

ಆಮ್ಯಾಲ ಚಾಲೂ ಮಾಡೂದು. ಅವಾಗಿನತನಕ ಸ್ಟೇರಿಂಗ್ ಮುಂದ ನಾ ಕುಂತಾಕಿನ ಅಲ್ಲ. "ಗೇರ್ ಅಳ್ಳಾಡಿಸಿ ನೋಡು, ಸಡ್ಲ ಐತೇನ? ಸಡ್ಲ ಇದ್ರ ಸೆಲ್ಫ್ ಎಳಿ!" ಎಳದೆ. ಇಡೀ ಕಾರು ನಡುಗಿ ಭರ್ ಅಂತು, ನಾ ಜಿಗದು ಹೊರಗ ಬಂದೆ. ಭಾಳ ಹೊತ್ತು ಏನೂ ಇಲ್ಲ. ಪುಡಿ ಎಲ್ಲಾ ಬೆಳ್ಳಗ ಹಂಗ ಐತಿ. ನನಗ ಅಳೂನ ಬಂತು. ಆಮ್ಯಾಲ ಕಿವಿಗೆ ಸಣ್ಣಾಗಿ ಬಿತ್ತು, ಚುರ್... ಚುರ್... ಬಿಸಿ ಹಂಚಿನ ಮ್ಯಾಲ ನೀರ ಚಿಮಕಿಸಿಧಂಗ. ಬಗ್ಗಿ ನೋಡಿದೆ, ಕಾಣವಲ್ದು. ಒಳಗ ಹೋಗಿ ಗ್ವಾಡಿ ಮ್ಯಾಲಿನ ಸಣ್ಣ ಕನ್ನಡಿ ತಂದು ಇಂಜಿನ್ ಬಾಜೂಕ ಇಳಬಿಟ್ಟೆ. ಅಲ್ಲೆ ಇಂಜಿನ್ ಮೈಯಾಗ ಬಿಲ್ಲಿಯಂಥಾದ್ದು ಒಂದು ದುಂಡನ ತಗಡಿನ ಮುಚ್ಚಳಾ ಐತಿ, ಅದರ ಅಂಚಿನ್ಯಾಗ ಪುಡಿ ಒದ್ದಿ ಆಗಿ ಗಂಜಿ ಹಂಗ ಆಗೇತಿ. ಕೂದಲಿನಷ್ಟ ನೀರು ಅಲ್ಲಿಂದ ಚಿಮ್ಮಿ, ಕೆಳಗ ಸೈಲೆನ್ಸರಿಗೆ ಹೋಗೂ ಪೈಪ್ ಐತಲ್ಲ, ಕೆಂಡದಂಗ ಕಾದಿರತೈತಿ, ಅದರ ಮ್ಯಾಲ ಬಿದ್ದು ಬಿದ್ದಲ್ಲೆ ಉಗಿ. ನೆಲಾ ಹೆಂಗ ತೊಯ್ಬೇಕು?

ಓಡಿ ಬಂದು ಹೇಳಿದೆ. ನಂಬಲಿಲ್ಲ! "ಸುಳ್ಳ. ಅಲ್ಲೆ ಏನ ಐತಿ ಸೋರಾಕ? ಅವನ್ನ ಉಳಸಾಕ ಹೇಳಾಕತ್ತಿ ನೀ." ನಾ ಮತ್ತ ನೋಡಾಕ ಅಂತ ಚಪ್ಪರಕ್ಕ ಹೋದೆ. ಹಿಂದ ದಪ್ ಅಂತ ಸಪ್ಪಳಾತು. ತಿರುಗಿದ್ರ ನಿಮ್ಮ ಅಜ್ಜಾರು ಹೊಸ್ತಲಾ ದಾಟಿ ಪಾವಟಿಗಿ ಕೆಳಗ ಬಿದ್ದಾರ, ರಾಡ್ಯಾಗ, ಮಳ್ಯಾಗ! ಹೊರಸಿನಿಂದ ಇಳದು ತೆವಳಿಕೋತ ಬಂದಿದ್ರು. ಎತ್ತಾಕ ಹೋದೆ, ಆಗವಲ್ದು. ದೊಡ್ಡ ಆಳು ಅವ್ರು, ಅದರ ಮ್ಯಾಲ ಪ್ಲಾಸ್ಟರಿನ ಭಾರ. ಒದರಿದೆ, ಯಾರ ಅದಾರ? ಓಣಿ ಮಂದಿ ಎಲ್ಲಾ ಗದ್ದೀಗೆ ನಾಟಿ ಹಚ್ಚಾಕ ಹೋಗ್ಯಾರ. ಒಳಗ ಕೂಸು ಚೀರತೈತಿ, ಅಲ್ಲೆ ಇಂಜಿನ್ ಭರ್ ಅನ್ನತೈತಿ, ಇಲ್ಲೆ ಇವ್ರು ಹಲ್ಲ ಕಚ್ಚಿ ನರಳತಾರ, ಪ್ಲಾಸ್ಟರ್ ನೀರ ಕುಡ್ಯಾಕತ್ತೈತಿ. ಯಾವ ಕಡೆ ಓಡ್ಲಿ ನಾ? ಅವತ್ತಿನ ಹಂಗ ಸಿಕ್ಕೊಂಡಿದ್ದು ಮತ್ತ ಯಾವತ್ತೂ ಇಲ್ಲ. ಗೋಣಿ ತಟ್ಟು ತಂದೆ, ಅದರ ಮ್ಯಾಲ ಹೊಳ್ಳಿಸಿದೆ, ಎರಡೂ ಮೂಲಿ ಹಿಡದು ಹಿಂದಹಿಂದಕ ಎಳದೆ. ಮನಿ ಕಡೆ ಪಾವಟಿಗಿ ಏರಸಾಕ ಆಗಂಗಿಲ್ಲ, ಚಪ್ಪರದ ಕಡೆ ಇಳಕಲಾ, ಅದಕ್ಕ ಅಲ್ಲೇ ಎಳಕೊಂಡ ಹೋದೆ. ಕಾರಿನ ಬಾಜೂಕ ನೆಲದ ಮ್ಯಾಲ ಅಂಗಾತ ಮಲಗಿದ್ರಲ್ಲ, ಅಲ್ಲಿಂದ ಅವ್ರಿಗೆ ಇಂಜಿನ್ ಬುಡಾ ಕಂಡಿತು. ಚುರ್ ಅನ್ನೂದೂ ಕೇಳಿಸ್ತು.

"ಬಂದ್ ಮಾಡು" ಅಂದ್ರು. ಬಂದ್ ಮಾಡಿದೆ. ಮಾರಿ ಆ ಕಡೆ ತಿರುಗಿಸಿ, "ಪರಸ್ಯಾ ಖರೇನ ಹೇಳಿದ್ದ" ಅಂದ್ರು.

ಕೂಸಿನ್ನ ಬಿಚ್ಚಿ ಕಂಕುಳಾಗ ಹಾಕ್ಕೊಂಡು ಪರಸಣ್ಣನ ಮನೀಗೆ ಹೋದೆ. ಅವನ ಹೇಣ್ತಿ ಬಾಗಲದಾಗ ನಿಂತಳು, ಒಳಗ ಬಾ ಅನ್ನಲಿಲ್ಲ. ನಾ ಅಂಗಳದಾಗ ನಿಂತ ಹೇಳಿದೆ, "ನೀ ಹೇಳಿದ್ದ ಖರೇ ಐತಿ ಪರಸಣ್ಣ. ಅವ್ರು ನೆಲದ ಮ್ಯಾಲ ಬಿದ್ದಾರ, ನನಗ ಎತ್ತಾಕ ಆಗವಲ್ದು." ಅಷ್ಟ ಕೇಳಿ ಎದ್ದ, ಚಪ್ಪಲಿ ಸೈತ ಮೆಟ್ಟಲಿಲ್ಲ. ಬಂದು ಎತ್ತಾಕ ಬಗಲಾಗ ಕೈ ಹಾಕಿದ್ರ ಇವ್ರು, "ಮೊದ್ಲ ಅದನ್ನ ನೋಡು" ಅಂದ್ರು. "ಪರಸ್ಯಾ, ನಾ ಮಾತಾಡಬಾರದ ಮಾತ ಆಡಿದೆ." ಅಂವ ಬಗ್ಗಿ ನೋಡಕೋತ ಅಂದ, "ಅಣ್ಣಾ, ಆ ಪಾನಾ ಇತ್ತ ಕೊಡು."

ಆ ಬಿಲ್ಲಿ ಬದಲಿಗೆ ತಗಡ ಬೇಕಂದ. ಮನ್ಯಾಗ ತೂತ ಬಿದ್ದ ಹಿತ್ತಾಳಿ ತಂಬಿಗಿ ಒಂದಿತ್ತು, ಅದನ್ನ ಕೊಟ್ಟೆ. ಪೈಪ್ ಬಿಚ್ಚಿ, ನೀರ ಇಳಿಸಿ, ತುಕ್ಕ ತಿಂದಿದ್ದ ಆ ಬಿಲ್ಲಿ ಕಿತ್ತಿದ್ರ ಒಳಗ ಕೆಂಪನ ರಾಡಿ. ಅಂಚು ಕೆರದು ಒರಿಸಿದ. ತಂಬಿಗಿ ಹೊಟ್ಟ್ಯಾಗಿಂದ ಅಷ್ಟ ಅಗಲಿಂದು ದುಂಡಗ ಕತ್ತರಿಸಿ, ಕಾನಸಿಂದ ತಿಕ್ಕಿ ನುಣ್ಣಗ ಮಾಡಿ, ನೀರ ಸೋರಬಾರದಂತ ಅಂಚಿಗೆ ಬಣ್ಣಾ ಬಳದು, ಉಬ್ಬು ಹೊರಗ ಮಾಡಿ ಕುಂಡ್ರಿಸಿ ನಡುವ ಒಂದ ಏಟು ಕೊಟ್ಟ. ಉಬ್ಬು ಚಪ್ಪಟಿ ಆಗಿ ಅಗಲ ಆತು, ತೂತಿನ್ಯಾಗ ಬಿಗದು ಕುಂತ್ತು. ಸಂಜೀಮಟಾ ಇಬ್ರೂ ಆ ನೆಲದ ಮ್ಯಾಲನ ಇದ್ರು, ಒಬ್ರು ಮಲಗಿ ಹತಾರ ಕೊಡೂದು, ಒಬ್ರು ಬಗ್ಗಿ ಮಾಡೂದು. ಕೆಲಸದ ಮಾತ ಬಿಟ್ಟು ಒಂದ ಮಾತಿಲ್ಲ.

ಪ್ಲಾಸ್ಟರ್ ಮೆತ್ತಗ ಆಗಿತ್ತಲ್ಲ, ಮರದಿನಾ ಅದ ಕಾರಿನ್ಯಾಗ ಹುಬ್ಬಳ್ಳಿಗೆ ಹೋಗಬೇಕಾತು, ಹೊಸಾದು ಹಾಕಸಾಕ. ಪರಸಣ್ಣ ಹೊಡದ. ದವಾಖಾನಿ ಮುಂದ ಇಂಜಿನ್ ಆರೂತನಕ ನಿಂತು ಮುಚ್ಚಳಾ ತಗದು ನೋಡಿದ. "ವೈನಿ, ಬಾಯಿಮಟಾ ಐತಿ" ಅಂದ, ನನಗ ಹೇಳಿದ, ಅವ್ರಿಗಲ್ಲ. ಅವ್ರು ಎದ್ದು ನಡ್ಯೂತನಕ ಒಂದ ದಿನಾ ತಪ್ಪಸಲಿಲ್ಲ ಅಂವ. ಆದ್ರ ಅಂಗಳದಾಗ ನಿಂತು ಚಾವಿ ಕೊಟ್ಟು ಹೋಗತಿದ್ದ, ಒಳಗ ಬಂದು ಕುಂತು ಚಾ ಕುಡೀಲಿಲ್ಲ. ಇವ್ರು ನಡ್ಯಾಕ ಹತ್ತಿದ ವಾರಕ್ಕ ದಾಂಡೇಲಿಗೆ ಲಾರಿ ಹೊಡ್ಯಾಕ ಹೋದ, ಅಲ್ಲೇ ಉಳದ. ನಿಮ್ಮ ಅಜ್ಜಾರು ಎರಡು ಸರತೆ ಹೋಗಿ ಕರದು ಬಂದ್ರು. ಬರ್ತೇನಿ ಬರ್ತೇನಿ ಅಂದ, ಬರಲಿಲ್ಲ.

ಅದಕ್ಕ ಹೇಳತೇನಿ, ಯಾರರ ಬಂದು ಹಿಂಗಾಗೇತಿ ಅಂದ್ರ, ನಿಮ್ಮ ಕಣ್ಣಿಗೆ ಕಾಣಲಿಲ್ಲ ಅಂತ ಅವ್ರನ್ನ ಕಳ್ಳರನ್ನ ಮಾಡಬ್ಯಾಡ್ರಿ. ಮೊದ್ಲ ಬಗ್ಗಿ ನೋಡ್ರಿ. ಏಳ್ರಿನ್ನ, ಕಾಲ ಜೋಮ ಹಿಡದಾವು ನನಗ.