ಎಡಕ್ಕೆ ಮಾತ್ರ ಮಿನುಗುವ ದೀಪ

ಬಾವಿ ದಾಟಿದ ಮೇಲೆ ಯಶೋಧರಾ ನಿಂತಳು.

ಟಿಕ್... ಟಕ್. ಟಿಕ್... ಟಕ್.

"ಕಾರಿಂದು," ಪಿಸುಗುಟ್ಟಿದಳು. "ಇಂಡಿಕೇಟರ್ರು."

"ಕೀ ನನ್ ಜೇಬಲ್ಲೈತೆ," ಅಂದ ಗಂಡ ದಿಲೀಪ.

ದಿಲೀಪ ನಮ್ಮ ಚಿಕ್ಕಪ್ಪನ ಮಗ. ಕೆ.ಆರ್. ಪೇಟೆ ಆಚೆ ಊರು. ಓಣಿಗೆ ಕಾರು ಹಿಡಿಸಲ್ಲ. ಬಾವಿ ಪಕ್ಕದ ಕೊಟ್ಟಿಗೆಯಲ್ಲಿ ನಿಲ್ಲಿಸಿ, ಬೀಗ ಹಾಕಿ ನಡೆದೇ ಮನೆ ಸೇರಬೇಕು. ಆ ರಾತ್ರಿ ಅವಳ ತವರು ಹೊಣಕೆರೆಯಿಂದ ಬಂದಿದ್ದರು.

ಕಾರು ಹಳೇ ಫಿಯಟ್ಟು. ತೀರಿಕೊಂಡ ಮೊದಲ ಹೆಂಡತಿ ರಂಜಿತಳಿಗೆ ಕಿಕ್ಕೇರಿಯ ತವರಿನವರು ಕೊಟ್ಟದ್ದು. ಮೀಟರಿನ ಹಳದಿ ಬೆಳಕು ಬಿದ್ದರೆ ದಿಲೀಪನ ಮುಖ ಮೆತ್ತಗಾಗುತ್ತಿತ್ತು. ಅದನ್ನು ಯಶೋಧರಾ ಎಷ್ಟು ದಿನ ನೋಡಿಯಾಳು? ಹಳೇ ಬಲ್ಬೆಲ್ಲ ಕಿತ್ತು ಬಾವಿಗೆಸೆದಳು. ಬಿಳಿ ಎಲ್‌ಇಡಿ ಹಾಕಿದಳು.

ಒಂದು ಮಾತ್ರ ಹಟ ಹಿಡಿಯಿತು. ಆ ಕಾರಿನ ಮೀಟರಲ್ಲಿ ಎಡಕ್ಕೂ ಬಲಕ್ಕೂ ಒಂದೇ ಇಂಡಿಕೇಟರ್ ದೀಪ. ಎಡಕ್ಕೆ ಕರೆಂಟು ಒಂದು ಕಡೆಯಿಂದ ಬರುತ್ತೆ, ಬಲಕ್ಕೆ ಇನ್ನೊಂದು ಕಡೆಯಿಂದ. ಹಳೇ ಬಲ್ಬಿಗೆ ಎರಡೂ ಸರಿ; ಎಲ್‌ಇಡಿಗೆ ಒಂದೇ ಆಗೋದು. ಎಡಕ್ಕೆ ಮಾತ್ರ ಮಿನುಗಿತು. ಊರಬಾಗಿಲಿಂದ ಎಡಕ್ಕೆ ಕಿಕ್ಕೇರಿ. ಬಲಕ್ಕೆ ಹೊಣಕೆರೆ.

"ತಿರುಗ್ಸಾಕು, ಬಲಕ್ಕೆ ಉರೀತದೆ," ಅಂದಿದ್ದ ದಿಲೀಪ.

ತಿರುಗಿಸಿದಳು. ಆಗಲೂ... ಎಡಕ್ಕೇ.

"ಸತ್ರೂ ತವರಿನ ದಾರಿ ಬುಡಲ್ವಲ್ಲ ನಿಮ್ಮವ್ಳು!" ಅದನ್ನೂ ಕಿತ್ತು ಪರ್ಸಿಗೆ ಹಾಕಿಕೊಂಡಳು. ಮೀಟರಲ್ಲಿ ಆ ಬಲ್ಬಿನ ತೂತು ಖಾಲಿ ಉಳಿಯಿತು.

ಈಗ ಇಬ್ಬರೂ ವಾಪಸು ಬಂದು ಕೊಟ್ಟಿಗೆ ತೆಗೆದರು. ಬಾಗಿಲು ಕಿರ್ರೋ ಅಂತು. ಆ ಖಾಲಿ ತೂತಿನೊಳಗೆ ಬೆಳಕು ಮಿನುಗುತ್ತಿತ್ತು... ಹಳದಿ. ಎಡಗಡೆ ಮುಂದಿನ ಸೀಟಿನ ಸ್ಪ್ರಿಂಗು ಕುಂಯ್ ಅಂತು. ಯಾರೋ ಸರಿದು ಕೂತ ಹಾಗೆ.

ಯಶೋಧರಾ ನಡುಗಿದ್ದು ಅದಕ್ಕಲ್ಲ. ದಿಲೀಪ ಕಿಟಕಿಗೆ ಬಾಗಿ, ಅವಳ ಹತ್ತಿರ ಒಂದು ದಿನವೂ ಆಡದ ದನಿಯಲ್ಲಿ ಅಂದ: "ನಾಳೆ ಕಿಕ್ಕೇರಿಗೆ ಕರ್ಕಂಡೋಯ್ತೀನಿ, ಸುಮ್ಕಿರು ಕಣಮ್ಮಿ."

ಟಿಕ್ ಅಂದದ್ದು... ಟಕ್ ಅನ್ನಲಿಲ್ಲ.

ಯಶೋಧರಾಳನ್ನು ಅವನು ಇವತ್ತಿಗೂ ಪೂರ್ತಿ ಹೆಸರಿಂದಲೇ ಕರೆಯೋದು.

ಕಟ್ಟಿದ ಮಾತಲ್ಲ ಇದು. ಹೋದ ವಾರ ಅದೇ ಕಾರಲ್ಲಿ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಮುಂದೆ ದಿಲೀಪನ ಪಕ್ಕದ ಸೀಟು ಖಾಲಿ. ಯಶೋಧರಾ ಹಿಂದೆ, ನನ್ನ ಪಕ್ಕ, ಮುಖ ಊದಿಸಿಕೊಂಡು.

"ಮುಂದೆ ಕೂತ್ಕೋಬಾರ್ದೇನೇ?" ಅಂದೆ.

"ಜಾಗ ಎಲ್ಲೈತಕ್ಕ?" ಅಂದಳು.