ದಿ. ಸೇವಂತಿ

ಇದು ನಮ್ಮ ನೆರೆಮನೆಯ ಭವಿತಕ್ಕನಿಗೆ ಆದದ್ದು, ಇಲ್ಲೇ ಮಂಡೆಕೋಲಲ್ಲಿ. ರಾತ್ರಿ ಎಂಟೂವರೆ. ಕರೆಂಟ್ ಇಲ್ಲ. ಇತಿಹಾಸ ಸಂಘದ ಮ್ಯೂಸಿಯಂಗೆ ಬೀಗ ಹಾಕಿ, ಕಾರ್ಯದರ್ಶಿ ಹರಿಪ್ರಸಾದ್ ಮಾಷ್ಟ್ರ ಜೊತೆ ಹಾಳುಬಾವಿಯ ದಾರಿಯಲ್ಲಿ ಮನೆಗೆ ಹೊರಟಿದ್ದಳು. ಬೀಗದ ಕೈ ಮಾಷ್ಟ್ರ ಕಿಸೆಯಲ್ಲಿ.

ಮ್ಯೂಸಿಯಂ ಅಂದರೆ ಒಂದೇ ಕೋಣೆ. ತಾಳೆಗರಿ, ಹಳೇ ಕಡತ, ತುಕ್ಕು ಹಿಡಿದ ಕತ್ತಿ, ಎಲ್ಲದಕ್ಕೂ ನಂಬರ್ ಉಂಟು. ಜಿರಳೆಗಳಿಗೆ ಮಾತ್ರ ಇಲ್ಲ. ಯಾರ ವಸ್ತು ಅಂತ ಚೀಟಿ ಬರೆಯುದು ಭವಿತಕ್ಕನ ಕೆಲಸ.

ಅವಳ ಅಜ್ಜಿ ಸೇವಂತಿ, ಎಲೆಅಡಿಕೆ ಕುಟ್ಟುವ ತನ್ನ ಹಿತ್ತಾಳೆ ಕುಟ್ಟಾಣಿ ಮ್ಯೂಸಿಯಂಗೆ ಕೊಟ್ಟಿದ್ದರು. ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೂ ಕೊಟ್ಟರು. ಮೊಮ್ಮಗಳ ಹತ್ತಿರ ಕೇಳಿದ್ದು ಒಂದೇ.

"ಗಾಜಿನ ಒಳಗೆ ನನ್ನ ಹೆಸರು... ಒಮ್ಮೆ ನೋಡೊಕು ಪುಳ್ಳೀ."

ಅಲ್ಲಿಯ ಹೆಸರೆಲ್ಲ ಸತ್ತವರದ್ದೇ ಅಲ್ಲವಾ, ಕೈಗೆ ಅದೇ ಅಭ್ಯಾಸ... ಭವಿತಕ್ಕ 'ದಿ. ಸೇವಂತಿ' ಅಂತ ಬರೆದುಬಿಟ್ಟಳು. ಬದುಕಿದ್ದವರಿಗೆ ದಿವಂಗತ. ಅಂಟಿಸಿದ ಮೇಲೆ ಕಣ್ಣಿಗೆ ಬಿತ್ತು. ಅಜ್ಜಿಗೆ ಅಕ್ಷರ ಕೂಡಿಸಿ ಓದಲಿಕ್ಕೆ ಬರುತ್ತದೆ. ಹೇಗೆ ಕರೆದುಕೊಂಡು ಹೋಗುದು?

"ಆದಿತ್ಯವಾರ ಹೋಗುವ ಅಜ್ಜಿ" ಅಂದಳು. ಅಷ್ಟರೊಳಗೆ ಬೇರೆ ಚೀಟಿ ಬರೆಯುವ ಅಂತ. ಅಜ್ಜಿ ಸೀರೆ ತೆಗೆದಿಟ್ಟುಕೊಂಡರು. ಶನಿವಾರ ಬೆಳಿಗ್ಗೆ ಏಳಲಿಲ್ಲ.

ಇನ್ನು ತಿದ್ದಲಿಕ್ಕೆ ಎಂತ ಉಂಟು? ಚೀಟಿ ಸರಿಯೇ ಆಯಿತಲ್ಲ.

ಕ್ರಿಯೆ ಮುಗಿಸಿ ಅವಳು ಕೆಲಸಕ್ಕೆ ಬಂದ ಮೊದಲ ದಿನವೇ ಈ ರಾತ್ರಿ. ಬಾವಿಯ ಹತ್ತಿರ ಬರುವಾಗ, ಹಿಂದಿನಿಂದ, ಮ್ಯೂಸಿಯಂ ಕಡೆಯಿಂದ... ಟಣಕ್. ಟಣಕ್. ಟಣಕ್. ಆಮೇಲೆ ಗರ್ರ್... ತಳ ಕೆರೆಯುವ ಸದ್ದು.

"ಮಾಷ್ಟ್ರೇ... ಕೇಳಿತಾ?"

"ಹೆಗ್ಗಣ, ಮಾರಾಯ್ತಿ."

"ಹೆಗ್ಗಣ ಎಲೆಅಡಿಕೆ ತಿಂತದಾ?"

ಮಾಷ್ಟ್ರು ಕಿಸೆಯಲ್ಲಿ ಬೀಗದ ಕೈ ಉಂಟಾ ಅಂತ ಮುಟ್ಟಿ ನೋಡಿದರು. ಮೂರು ಕುಟ್ಟು, ಒಂದು ಕೆರೆತ. ಸಣ್ಣದಿರುವಾಗ ಭವಿತಕ್ಕನಿಗೆ ನಿದ್ದೆ ಬರುತ್ತಿದ್ದದ್ದೇ ಆ ಸದ್ದು ಕೇಳಿ. ಅವಳು ಓಡಲಿಲ್ಲ. ಬಾವಿಕಟ್ಟೆಯಲ್ಲಿ ಕೂತಳು.

"ತಪ್ಪಾಯ್ತು ಅಜ್ಜೀ..."

ಸದ್ದು ನಿಂತಿತು. ಅವಳ ಅಳು ನಿಲ್ಲಲಿಲ್ಲ.

ಬೆಳಿಗ್ಗೆ ಇಬ್ಬರೂ ಹೋಗಿ ಬಾಗಿಲು ತೆಗೆದರು. ಗಾಜಿನ ಕಪಾಟಿನ ಬೀಗ ಹಾಕಿದ ಹಾಗೇ ಇತ್ತು. ಸುಳ್ಳು ಕಟ್ಟುದಾದರೆ ನಾನು ಬಿಳಿ ಸೀರೆ, ಹಿಂದೆ ತಿರುಗಿದ ಪಾದ ಎಲ್ಲ ಸೇರಿಸುತ್ತಿದ್ದೆ, ನನ್ನ ಬುದ್ಧಿ ನಿಮಗೆ ಗೊತ್ತುಂಟು. ಅದೆಂತದೂ ಇರಲಿಲ್ಲ. ಮಾಷ್ಟ್ರನ್ನೇ ಕೇಳಿ ಬೇಕಾದರೆ.

ಚೀಟಿಯಲ್ಲಿ 'ಸೇವಂತಿ' ಅಂತ ಇತ್ತು. ಅದರ ಮೊದಲಿನ 'ದಿ.' ಮೇಲೆ ಒಂದು ಬೆರಳು ಸುಣ್ಣ. ಒಣಗಿರಲಿಲ್ಲ.